ಗೋದಾವರೀ ತೀರದಲ್ಲಿ ಕನ್ನಡದ ನೆಲೆ: ಶಂ. ಬಾ. ಜೋಶಿಯವರನ್ನು ಮತ್ತೆ ಓದುವಾಗ

ಛತ್ರಪತಿ ಸಂಭಾಜಿನಗರದ ಮುಖ್ಯ ಬಸ್ ನಿಲ್ದಾಣದಲ್ಲಿ ನಿಂತ ಕನ್ನಡಿಗನು ಅಲ್ಲಿಯ ಒಂದು ಫಲಕವನ್ನು ಕಂಡು ಕ್ಷಣಕಾಲವಾದರೂ ಬೆರಗಾಗದೆ ಇರಲಾರನು. ದೇವನಾಗರಿಯ ಮೂರೇ ಅಕ್ಷರಗಳಲ್ಲಿ ಆ ಫಲಕದ ಮೇಲೆ ‘ಕನ್ನಡ’ ಎಂದು ಬರೆದಿರುತ್ತದೆ. ಅದು ಭಾಷೆಯ ಹೆಸರಲ್ಲ, ಊರಿನ ಹೆಸರು. ವೇರೂಳದ ಗುಹೆಗಳನ್ನು ದಾಟಿ ಚಾಳೀಸಗಾಂವದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ನಗರದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ, ಒಂದು ತಾಲೂಕಿನ ಮುಖ್ಯ ಸ್ಥಳವಾಗಿರುವ ಪಟ್ಟಣವದು. ನಾಸಿಕದ ಮರಾಠಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸವನ್ನು ಕಲಿಸಿದ ನಾನು ಆ ಹೆಸರನ್ನು ನಕಾಶೆಯಲ್ಲಿ ಎಷ್ಟೋ ಸಲ ಕಂಡಿದ್ದೆನು. ಆದರೆ ಬಸ್ಸಿನ ಹಣೆಯ ಮೇಲೆ ಕಂಡಾಗಿನ ಅನುಭವವೇ ಬೇರೆ. ಆಗ ಆ ನಗರಕ್ಕೆ ಔರಂಗಾಬಾದವೆಂದೇ ಹೆಸರಿದ್ದಿತು. ಅದು ಬದಲಾದುದು 2023ರಲ್ಲಿ. ಬಂದ ಕೆಲಸವನ್ನು ಬದಿಗಿಟ್ಟು ಆ ಬಸ್ಸನ್ನು ಹತ್ತಿಯೇ ಬಿಟ್ಟೆನು.

ಊರಿನಲ್ಲಿ ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳಲಿಲ್ಲ. ಬಿದ್ದೀತೆಂಬ ಆಸೆಯೂ ನಿಜವಾಗಿ ನನಗೆ ಇರಲಿಲ್ಲವೆನ್ನಿ. ಚಹದಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು, ಊರಿಗೆ ಈ ಹೆಸರು ಹೇಗೆ ಬಂದಿತೆಂದು ಕೇಳಿದೆನು. ಹೆಸರಿಗೂ ಒಂದು ಕಾರಣ ಬೇಕೆ ಎಂಬಂತೆ ಅವರು ನನ್ನನ್ನು ನೋಡಿ, ತಾವು ಎಲ್ಲಿಯವರೆಂದು ತಿರುಗಿ ಕೇಳಿದರು. ಧಾರವಾಡದ ಕಡೆಯವನೆಂದೆ. ಹಾಗಾದರೆ ತಾವು ಕಾನಡೀ ಜನ ಎಂದು ನಕ್ಕು, ನನ್ನ ಚಹದ ದುಡ್ಡನ್ನೂ ತಾವೇ ಕೊಟ್ಟರು. ತಮ್ಮ ಊರಿನ ಹೆಸರಿಗೂ ನನ್ನ ಭಾಷೆಯ ಹೆಸರಿಗೂ ಏನಾದರೂ ಸಂಬಂಧವಿದ್ದೀತೆಂದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವರ ಬಾಯಲ್ಲಿ ಊರು ‘ಕನ್ನಡ’, ಭಾಷೆ ‘ಕಾನಡೀ’. ಹಿಂದಿರುಗುವ ದಾರಿಯುದ್ದಕ್ಕೂ ನನ್ನ ಮನಸ್ಸನ್ನು ಕೊರೆದುದು ಆ ಸಣ್ಣ ವ್ಯತ್ಯಾಸವೇ. ಅಂದು ರಾತ್ರಿ ನಾಸಿಕಕ್ಕೆ ಬಂದವನು ಶಂ. ಬಾ. ಜೋಶಿಯವರ ಪುಸ್ತಕಗಳನ್ನು ಕಪಾಟಿನಿಂದ ಮತ್ತೊಮ್ಮೆ ಕೆಳಗಿಳಿಸಿದೆನು. ಈ ಲೇಖನವು ಆ ಮರುವಾಚನದ ಫಲ.

ಜೋಶಿಯವರ ಪರಿಚಯವನ್ನು ವಾಚಕರಿಗೆ ವಿಸ್ತಾರವಾಗಿ ಮಾಡಿಕೊಡಬೇಕಾಗಿಲ್ಲ. ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿ, ಎಳವೆಯ ಕೆಲವು ಕಾಲವನ್ನು ಪುಣೆಯಲ್ಲಿ ಕಳೆದು, ಧಾರವಾಡದಲ್ಲಿ ಶಾಲಾಮಾಸ್ತರರಾಗಿ ಬಾಳಿ, 1991ರಲ್ಲಿ ತೀರಿಕೊಂಡ ಈ ವಿದ್ವಾಂಸರು 1930ರ ದಶಕದಲ್ಲಿ ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’ ಎಂಬ ಗ್ರಂಥಗಳನ್ನು ಪ್ರಕಟಿಸಿದಾಗ ಕೃಷ್ಣೆಯ ಎರಡು ದಂಡೆಗಳಲ್ಲಿಯೂ ಕೋಲಾಹಲವೆದ್ದಿತು. ಇಂದು ಮಹಾರಾಷ್ಟ್ರವೆನಿಸಿದ ನಾಡಿನ ತಳಪದರದಲ್ಲಿ ಕನ್ನಡವು ಹುದುಗಿದೆ. ಮರಾಠರ ಪೂರ್ವಜರಲ್ಲಿ ‘ಹಟ್ಟಿ’ ಎಂಬ ಪಶುಪಾಲಕ ಜನರದು ದೊಡ್ಡ ಪಾಲು. ಆ ಹಟ್ಟಿಕಾರರು ಕನ್ನಡಿಗರು. ಊರ ಹೆಸರು, ದೇವರ ಹೆಸರು, ಕುಲದ ಹೆಸರುಗಳೇ ಇದಕ್ಕೆ ಸಾಕ್ಷಿ ಎಂಬುದು ಅವರ ವಾದದ ಸಾರ. ಅಂದಿನ ವರೆಗೆ ನಮ್ಮ ಇತಿಹಾಸಕಾರರು ಅರಸರ ವಂಶಾವಳಿಗಳನ್ನು ಜೋಡಿಸುತ್ತಿದ್ದರು. ಈ ಮಾಸ್ತರರಾದರೋ ತಾಮ್ರಪಟಗಳನ್ನು ಅತ್ತ ಸರಿಸಿ ಕುರಿಹಟ್ಟಿಯ ಕಡೆಗೆ ನಡೆದರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು; 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರಾದರು. ಆದರೆ ಅವರ ಪುಸ್ತಕಗಳನ್ನು ಹೊಗಳುವವರೇ ಹೆಚ್ಚು, ಓದಿದವರು ಕಡಿಮೆ ಎಂಬ ಸಂಶಯ ನನ್ನದು. ನಾನೂ ಬಹುಕಾಲ ಮೊದಲನೆಯ ಪಂಗಡದಲ್ಲಿಯೇ ಇದ್ದೆನು.

ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ನಾಸಿಕದಲ್ಲಿ ನಮ್ಮವರ ಸಂಖ್ಯೆ ಕಡಿಮೆಯಾದರೂ ತೀರ ಇಲ್ಲದಿಲ್ಲ. 1964ರಲ್ಲಿ ಓಝರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದ ಮೇಲೆ, ಆ ಸಂಸ್ಥೆಯ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರುವುದರಿಂದ, ಕನ್ನಡ ಕುಟುಂಬಗಳು ಇತ್ತ ಬರುವುದು ಸಹಜವಾಯಿತು. ಒಂದು ರಾಜ್ಯೋತ್ಸವದ ದಿನ ಇಂತಹ ಹಲವು ಕುಟುಂಬಗಳ ಮುಂದೆ ನಾನು ಭಾಷಣ ಮಾಡಿದೆನು. ನಾವು ನಿಂತ ಈ ನೆಲವು ಒಮ್ಮೆ ಕನ್ನಡದ್ದಾಗಿದ್ದಿತು, ನಾವು ಇಲ್ಲಿ ಪರಕೀಯರಲ್ಲ, ಅಜ್ಜನ ಮನೆಗೆ ಮರಳಿ ಬಂದವರು ಎಂದು ಹೇಳಿದಾಗ ಬಿದ್ದ ಚಪ್ಪಾಳೆಯು ಇಂದಿಗೂ ಕಿವಿಯಲ್ಲಿದೆ. ಅದರ ನೆನಪಿನಿಂದ ಸಂತೋಷವಾಗುವುದಿಲ್ಲ. ಸಭೆಯಲ್ಲಿ ನನ್ನ ಶಾಲೆಯ ಮರಾಠಿ ಸಹೋದ್ಯೋಗಿಯೊಬ್ಬರೂ ಇದ್ದರು. ಧಾರವಾಡದಲ್ಲಿ ಕೆಲವು ವರ್ಷ ಇದ್ದುದರಿಂದ ಅವರಿಗೆ ಕನ್ನಡ ತಿಳಿಯುತ್ತಿದ್ದಿತು. ಮರುದಿನ ಶಿಕ್ಷಕರ ಕೋಣೆಯಲ್ಲಿ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಮರಾಠಿಯ ಬರಹವಿದೆಯಲ್ಲ, ಜೋಶೀ ಮಾಸ್ತರರ ಲೆಕ್ಕದಲ್ಲಿ ಆ ಊರು ಯಾರದು?

ನಾನು ನಿರುತ್ತರನಾದೆನು. ಬೆಳಗೊಳದ ಮೂರ್ತಿಯ ಇಕ್ಕೆಲಗಳಲ್ಲಿ ಕನ್ನಡ ಮತ್ತು ತಮಿಳಿನ ಜೊತೆಗೆ ನಾಗರಿ ಅಕ್ಷರದ ಮರಾಠಿ ಸಾಲುಗಳೂ ಇರುವುದು, ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲಿ ಅವುಗಳನ್ನು ಎಣಿಸುವುದು ಎಲ್ಲರೂ ಬಲ್ಲ ಸಂಗತಿ. ಅವುಗಳಿಂದ ಹಾಸನ ಜಿಲ್ಲೆಯ ಒಕ್ಕಲಿಗನು ಮರಾಠಿಯನ್ನಾಡುತ್ತಿದ್ದನೆಂದು ಯಾರೂ ಹೇಳುವುದಿಲ್ಲ. ದೂರದೂರದಿಂದ ಬರುವ ಯಾತ್ರಿಕರಿಗೆ ಓದಲು ಬರಲಿ ಎಂದು ಬರೆಯಿಸಿದ್ದು ಎನ್ನುತ್ತೇವೆ. ಹಾಗಾದರೆ ಅದೇ ನ್ಯಾಯವನ್ನು ಗೋದಾವರಿಯ ಕಡೆಯ ಕನ್ನಡದ ಕುರುಹುಗಳಿಗೂ ಅನ್ವಯಿಸಬೇಡವೆ? ಇನ್ನೂ ಒಂದು ಮೋಜಿನ ಸಂಗತಿಯುಂಟು. ತೇದಿಯಿರುವ ಮರಾಠಿ ಶಾಸನಗಳಲ್ಲಿ ಅತಿ ಹಳೆಯವುಗಳ ಪೈಕಿ ಒಂದು, ಶಕ 940ರದು, ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮೆ-ಸೀನೆಗಳು ಕೂಡುವ ಕಡೆಯಲ್ಲಿದೆ. ಆ ಸ್ಥಳದ ಹೆಸರು ಕೂಡಲ! ಊರಿನ ಹೆಸರು ಒಂದು ಭಾಷೆಯದು, ಅಲ್ಲಿಯ ಕಲ್ಲಿನ ಮಾತು ಇನ್ನೊಂದರದು. ಶಾಸನವನ್ನು ನೆಚ್ಚುವವನು ಅದನ್ನು ಒಂದು ನಾಡಿಗೆ ಕೊಟ್ಟಾನು, ಹೆಸರನ್ನು ನೆಚ್ಚುವವನು ಇನ್ನೊಂದಕ್ಕೆ.

ಇರಲಿ. ಈಗ ನಾಸಿಕ ಮತ್ತು ಸಂಭಾಜಿನಗರಗಳ ಪರಿಸರದಲ್ಲಿ ನಮ್ಮವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡೋಣ. ಮೊದಲು ಆ ‘ಕನ್ನಡ’ ಪಟ್ಟಣವೇ. ಹೆಸರನ್ನು ಕೇಳಿದೊಡನೆ ಅದು ಕನ್ನಡಿಗರ ನೆಲೆಯೆಂದು ಹೇಳುವ ಚಾಪಲ್ಯವು ನಮಗೆ ಉಂಟಾಗುತ್ತದೆ. ಆದರೆ ಒಂದು ಊರಿಗೆ ಜನಾಂಗದ ಹೆಸರು ಬೀಳುವುದು ಯಾವಾಗ? ಸುತ್ತಲೂ ಆ ಜನರಿಲ್ಲದಿರುವಾಗ. ಪುಣೆಯಲ್ಲಿ ಗುಜರಾತಿಗಳು ಕೂಡಿ ಬಾಳುವ ಓಣಿಗೆ ಗುಜರಾತಿ ಓಣಿಯೆನ್ನಬಹುದು. ಗುಜರಾತದಲ್ಲಿ ಹಾಗೆ ಕರೆದರೆ ಅರ್ಥವೇ ಇಲ್ಲ. ಸುತ್ತಣ ನಾಡೆಲ್ಲ ಕನ್ನಡವನ್ನಾಡುತ್ತಿದ್ದರೆ ಒಂದೇ ಹಳ್ಳಿಗೆ ಆ ಹೆಸರನ್ನು ಯಾರು ಕೊಟ್ಟಾರು? ಆದುದರಿಂದ ಈ ಹೆಸರು ಭಾಷೆಯಿಂದಲೇ ಬಂದುದಾದರೆ, ಅದು ಸಿದ್ಧಪಡಿಸುವುದು ಬೇರೆ ಜನರ ನಡುವೆ ಕನ್ನಡಿಗರ ಒಂದು ಬೀಡು ಇದ್ದಿತೆಂಬುದನ್ನು ಮಾತ್ರ. ಭಾಷೆಯಿಂದಲೇ ಬಂದಿತೆಂಬುದಕ್ಕೂ ಆಧಾರವಿಲ್ಲ. ಮರಾಠಿಗರ ಹಳೆಯ ಮಾತಿನಲ್ಲಿ ನಾವು ‘ಕಾನಡಾ’, ‘ಕಾನಡೀ’. ಚಹದಂಗಡಿಯ ಹಿರಿಯರ ಬಾಯಿಂದ ಬಂದುದೂ ಅದೇ. ರಾಷ್ಟ್ರಕೂಟರಲ್ಲಿಯೂ ಸೇವುಣರಲ್ಲಿಯೂ ಕೃಷ್ಣನಿಗೆ ಕನ್ನರನೆಂದು ಹೆಸರಿದ್ದಿತು; ಕನ್ನರನಿಂದ ಕನ್ನಡವಾಯಿತೆಂದು ನಾನು ಈಗಲೇ ಒಂದು ಲೇಖನವನ್ನು ಬರೆಯಬಲ್ಲೆ. ಬರೆಯುವುದಿಲ್ಲ, ಊಹೆ ಎಷ್ಟು ಸುಲಭವೆಂಬುದನ್ನು ತೋರಿಸಲು ಹೇಳಿದೆ.

ಎರಡನೆಯದು ಮಯೂರಖಂಡಿ. ಮುಮ್ಮಡಿ ಗೋವಿಂದನು 9ನೆಯ ಶತಮಾನದ ಮೊದಲ ದಶಕದಲ್ಲಿ ಹೊರಡಿಸಿದ ವಣಿ-ದಿಂಡೋರಿ ತಾಮ್ರಪಟವು ನಾಸಿಕ ಜಿಲ್ಲೆಯಲ್ಲಿಯೇ ದೊರೆತುದು. ಅದನ್ನು ಕೊಟ್ಟುದು ಮಯೂರಖಂಡಿಯಿಂದ. ಸಪ್ತಶೃಂಗಿಯ ಬಳಿಯ ಮಾರ್ಕಂಡಾ ಕೋಟೆಯೇ ಆ ಮಯೂರಖಂಡಿಯೆಂದು ಕೆಲವು ವಿದ್ವಾಂಸರು ಗುರುತಿಸಿದರು. ನಾನು ಆ ಗುಡ್ಡದ ಬುಡಕ್ಕೆ ನಮ್ಮ ಹುಡುಗರನ್ನು ಕರೆದೊಯ್ದು, ಇದೇ ಕನ್ನಡ ಚಕ್ರವರ್ತಿಯ ರಾಜಧಾನಿ ಎಂದು ಹೇಳಿದ್ದೂ ಉಂಟು. ಆದರೆ ಬಸವಕಲ್ಯಾಣದ ಸಮೀಪದಲ್ಲಿಯೂ ಮೋರಖಂಡಿ ಎಂಬ ಊರಿದೆ. ಅದೇ ಮಯೂರಖಂಡಿಯೆನ್ನುವವರೂ ಇದ್ದಾರೆ. ಅಳತೇಕರರಂತೂ ಅದು ರಾಜಧಾನಿಯೇ ಅಲ್ಲ, ಪಾಳೆಯವಿರಬಹುದೆಂದರು. ಹೀಗೆ ಒಂದೇ ಹೆಸರು ಎರಡು ಕಡೆ ದನಿಗೊಟ್ಟಾಗ ಕಿವಿಯನ್ನು ನಂಬಿ ಕೂಡುವುದು ಸಂಶೋಧನೆಯಲ್ಲ. ಸಿನ್ನರದ ಹಳೆಯ ಹೆಸರಿನಲ್ಲಿರುವ ‘ಸಿಂದಿ’ಯನ್ನೂ ನಾನು ಒಮ್ಮೆ ಕನ್ನಡಕ್ಕೆ ಜಮಾ ಮಾಡಿದ್ದೆನು. ಅದು ಎರಡೂ ಭಾಷೆಗಳಲ್ಲಿರುವ ಮಾತು, ಯಾರ ಸೊತ್ತೂ ಅಲ್ಲ.

ರಾಷ್ಟ್ರಕೂಟರ ವಿಷಯಕ್ಕೆ ಬಂದಾಗ ನೆಲವು ಗಟ್ಟಿಯಾಗುತ್ತದೆ. ಅವರ ತವರು ಲತ್ತಲೂರು, ಎಂದರೆ ಇಂದಿನ ಲಾತೂರು. ಅವರ ಮನೆಮಾತು ಕನ್ನಡ. ಇದನ್ನು ಪ್ರತಿಪಾದಿಸಿದವರು ಕನ್ನಡಿಗರಲ್ಲ, ಮರಾಠಿಗರಾದ ಅ. ಸ. ಅಳತೇಕರರು ತಮ್ಮ 1934ರ ಗ್ರಂಥದಲ್ಲಿ ಪ್ರತಿಪಾದಿಸಿದರು. ಗುಜರಾತದ ರಾಷ್ಟ್ರಕೂಟ ಶಾಖೆಯವರ ನವಸಾರಿಯ ತಾಮ್ರಪಟದಲ್ಲಿ ಪಾಠವೆಲ್ಲ ಬೇರೆ ಲಿಪಿಯಲ್ಲಿದ್ದರೂ ಅರಸನ ರುಜು ಮಾತ್ರ ದಕ್ಷಿಣದ ಕನ್ನಡ ಬಗೆಯ ಅಕ್ಷರಗಳಲ್ಲಿರುವುದನ್ನು ಅವರು ಎತ್ತಿ ತೋರಿಸಿದರು. ಪರನಾಡಿನಲ್ಲಿ ಹಲವು ತಲೆಮಾರು ಬಾಳಿದರೂ ಸಹಿಯನ್ನು ಮಾತ್ರ ತಾಯಿನುಡಿಯ ಅಕ್ಷರದಲ್ಲಿ ಹಾಕುವುದೆಂದರೆ ಏನೆಂಬುದು ನಮ್ಮಂತಹ ವಲಸಿಗರಿಗೆ ಚೆನ್ನಾಗಿ ತಿಳಿಯುತ್ತದೆ. ವೇರೂಳದಲ್ಲಿ ದಂತಿದುರ್ಗನ ಶಾಸನವು ದಶಾವತಾರ ಗುಹೆಯಲ್ಲಿದೆ, ಅದು ಸಂಸ್ಕೃತ. ಒಂದನೆಯ ಕೃಷ್ಣನ ಕೈಲಾಸವು ಪಟ್ಟದಕಲ್ಲಿನ ವಿರೂಪಾಕ್ಷದ ಸಂತಾನ. ಜೈನ ಗುಹೆಗಳ ಕಂಬಗಳ ಮೇಲೆ ಹಳಗನ್ನಡ ಅಕ್ಷರಗಳ ಕಿರುಬರಹಗಳಿವೆ. ಅರಸು ಕನ್ನಡಿಗ, ಶಿಲ್ಪದ ಮಾದರಿ ನಮ್ಮ ಮಲಪ್ರಭೆಯ ದಂಡೆಯದು, ಯಾತ್ರಿಕರಲ್ಲಿ ಕೆಲವರು ಕನ್ನಡಿಗರು. ಇಷ್ಟು ನಿಸ್ಸಂದೇಹ. ಇಷ್ಟರಿಂದ ಬೆಟ್ಟದ ಕೆಳಗಿನ ಹೊಲದಲ್ಲಿ ನೇಗಿಲು ಹಿಡಿದವನ ಮಾತು ಯಾವುದೆಂದು ಗೊತ್ತಾಗದು. ಮುಮ್ಮಡಿ ಕೃಷ್ಣನ ಕನ್ನಡ ಪ್ರಶಸ್ತಿಯು ಮಧ್ಯಪ್ರದೇಶದ ಮೈಹರದ ಹತ್ತಿರ ಜೂರಾದಲ್ಲಿ ದೊರೆತಿದೆ. ಮೈಹರದವರು ಕನ್ನಡಿಗರೆಂದು ಯಾರಾದರೂ ವಾದಿಸುವರೆ?

ಇಲ್ಲಿ ‘ಕವಿರಾಜಮಾರ್ಗ’ವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಪುಣೆಯಲ್ಲಿ ಅಧ್ಯಾಪಕರಾಗಿದ್ದ ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದಂದಿನಿಂದ, ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿದುದೆಂಬ ಅದರ ಮಾತು ನಮ್ಮ ಪ್ರತಿಯೊಂದು ವೇದಿಕೆಯ ಮೇಲೂ ಕೇಳಿಬಂದಿದೆ. ಸಾಮಾನ್ಯವಾಗಿ ಅದನ್ನು ನಾಡಿನ ಹಿರಿಮೆಯನ್ನು ಸಾರಲು ಬಳಸುತ್ತಾರೆ. ನಾನು ಅದನ್ನು ಬೇರೆ ರೀತಿಯಲ್ಲಿ ಓದಬಯಸುತ್ತೇನೆ. ಅಮೋಘವರ್ಷ ನೃಪತುಂಗನ ರಾಜ್ಯವು ಗೋದಾವರಿಗೆ ನಿಲ್ಲುತ್ತಿರಲಿಲ್ಲ; ಅವನ ವಂಶದವರು ಲಾಟದೇಶವನ್ನಾಳುತ್ತಿದ್ದರು. ಅವನ ಪೂರ್ವಿಕನೇ ಕಡೆಯಿಸಿದ ವೇರೂಳದ ಕೈಲಾಸವಾದರೂ ಗೋದಾವರಿಯಿಂದ ಉತ್ತರಕ್ಕಿದೆ. ಅಂತಹ ಅರಸನ ಆಸ್ಥಾನದಲ್ಲಿ ಕುಳಿತ ಶ್ರೀವಿಜಯನು, ಒಡೆಯನನ್ನು ಮೆಚ್ಚಿಸುವುದೇ ಗುರಿಯಾಗಿದ್ದರೆ, ಕನ್ನಡದ ಗಡಿಯನ್ನು ನರ್ಮದೆಯ ವರೆಗೆ ಎಳೆಯಬಹುದಾಗಿತ್ತು. ಎಳೆಯಲಿಲ್ಲ. ಕೈಲಾಸವನ್ನು ಕೂಡ ಎಲ್ಲೆಯ ಹೊರಗೆ ಬಿಟ್ಟನು. ಅಷ್ಟೇ ಅಲ್ಲ, ಒಳ್ಳೆಯ ಕನ್ನಡದ ತಿರುಳು ನೆಲೆಸಿದುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಎಂದು ಇನ್ನೂ ಒಳಗೆ ಸರಿದನು. ಅರಸನ ಆಳಿಕೆ ಬೇರೆ, ನುಡಿಯ ನೆಲ ಬೇರೆ ಎಂಬ ವಿವೇಕವು 9ನೆಯ ಶತಮಾನದ ಆ ಗ್ರಂಥಕಾರನಿಗೆ ಇದ್ದಿತು. ನನ್ನ ರಾಜ್ಯೋತ್ಸವದ ಭಾಷಣದಲ್ಲಿ ಅದು ಇರಲಿಲ್ಲ.

ನಾಸಿಕದ ನಿವಾಸಿಗೆ ಈ ಎಲ್ಲೆಯಿಂದ ಒಂದು ವಿನೋದವೂ ಒದಗುತ್ತದೆ. ಗೋದಾವರಿಯು ಊರಿನ ನಟ್ಟನಡುವೆ ಹರಿಯುತ್ತದೆ. ಹಳೆಯ ನಾಸಿಕವು ಬಲದಂಡೆಯಲ್ಲಿದೆ, ಪಂಚವಟಿಯು ಎಡದಂಡೆಯಲ್ಲಿ. ಕವಿಯ ಮಾತನ್ನು ಅಕ್ಷರಶಃ ಹಿಡಿದರೆ ನಾನು ತರಕಾರಿ ತರಲು ಸೇತುವೆ ದಾಟಿದಾಗಲೆಲ್ಲ ಕನ್ನಡ ನಾಡನ್ನು ಬಿಟ್ಟು ಹೋಗುತ್ತಿರುತ್ತೇನೆ. ನದಿಯು ನುಡಿಯನ್ನು ಹೀಗೆ ಕತ್ತರಿಸುವುದಿಲ್ಲವೆಂಬುದು ಶ್ರೀವಿಜಯನಿಗೂ ಗೊತ್ತಿದ್ದೀತು. ಅದೇ ಊರಿನ ಪಾಂಡವಲೇಣಿಯಲ್ಲಿ ಗೌತಮೀ ಬಲಶ್ರೀಯ ಶಾಸನವಿದೆ. ಅದು ಪ್ರಾಕೃತ, ಹಲ್ಮಿಡಿಗಿಂತ ಶತಮಾನಗಳಷ್ಟು ಹಳೆಯದು. ಆದರೆ ಅದೇ ಬಗೆಯ ಪ್ರಾಕೃತ ಶಾಸನವು ಶಿವಮೊಗ್ಗ ಜಿಲ್ಲೆಯ ಮಳವಳ್ಳಿಯಲ್ಲಿಯೂ ಉಂಟು. ಪ್ರಾಕೃತದ ಕಾಲದಲ್ಲಿ ಜನರು ಮನೆಯಲ್ಲಿ ಏನನ್ನಾಡುತ್ತಿದ್ದರೆಂಬುದನ್ನು ಕಲ್ಲು ಹೇಳುವುದಿಲ್ಲ. ಹೇಳುವುದೇನಾದರೂ ಇದ್ದರೆ ಪದಗಳೇ ಹೇಳಬೇಕು. ಪೈಠಣದ ಸಾತವಾಹನರೊಡನೆ ಹೆಸರು ಕೂಡಿರುವ ‘ಗಾಥಾಸಪ್ತಶತಿ’ಯಲ್ಲಿ ಅತ್ತೆ, ಹೊಟ್ಟೆ, ತುಪ್ಪಗಳಿಗೆ ಸಂವಾದಿಯಾದ ಮಾತುಗಳನ್ನು ಪಂಡಿತರು ಹಿಂದೆಯೇ ಗುರುತಿಸಿದ್ದಾರೆ. ಸದಲಗೆಯಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸಿದ ಆ. ನೇ. ಉಪಾಧ್ಯೆಯವರು ದೇಶೀ ಕೋಶಗಳಲ್ಲಿಯ ಕನ್ನಡ ಶಬ್ದಗಳನ್ನು ಹೆಕ್ಕಿ ತೋರಿಸಿದರು. ಇಂದಿನ ಮರಾಠಿಯ ಅಡಿಗೆಮನೆಯಲ್ಲಿಯೂ ತೂಪ, ಮಡಕೆ, ಅಡಕಿತ್ತಾಗಳು ಉಳಿದುಕೊಂಡಿವೆ. ರಾಣಿಯರ ದಾನಕ್ಕಿಂತ ಈ ತುಪ್ಪದ ಗಡಿಗೆಯೇ ನಮ್ಮ ಪ್ರಶ್ನೆಗೆ ಹತ್ತಿರದ ಸಾಕ್ಷಿ.

ಸೇವುಣರ ವಿಷಯವಾಗಿ ಎರಡು ಮಾತು ಸಾಕು. ಸಿನ್ನರದಿಂದ ಹೊರಟು, ರಾಷ್ಟ್ರಕೂಟರಿಗೂ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದು, ಐದನೆಯ ಭಿಲ್ಲಮನ ಕಾಲಕ್ಕೆ ದೇವಗಿರಿಯಲ್ಲಿ ಸ್ವತಂತ್ರರಾದ ಈ ವಂಶದಲ್ಲಿ ಧಾಡಿಯಪ್ಪ, ರಾಜುಗಿ, ವದ್ದಿಗ ಎಂಬ ಹೆಸರುಗಳಿವೆ. ಅವರ ಕನ್ನಡ ಶಾಸನಗಳ ಸಂಖ್ಯೆಯೂ ದೊಡ್ಡದು. ಆದರೆ ಸಾಮಂತರು ಮಕ್ಕಳಿಗೆ ಒಡೆಯರ ಹೆಸರನ್ನಿಡುವುದು ಎಲ್ಲ ಕಾಲದ ರೂಢಿ. ಆ ಕನ್ನಡ ಶಾಸನಗಳಲ್ಲಿ ಹೆಚ್ಚಿನವು ಸಿಕ್ಕಿರುವುದೂ ಕನ್ನಡ ನೆಲದಲ್ಲಿಯೇ. ಅದೇ ವಂಶದ ರಾಮಚಂದ್ರನ ಆಳಿಕೆಯಲ್ಲಿ, 1290ರಲ್ಲಿ, ಪ್ರವರಾ ತೀರದ ನೇವಾಸೆಯಲ್ಲಿ ‘ಜ್ಞಾನೇಶ್ವರಿ’ ಹುಟ್ಟಿತು. ಒಂದೇ ಮನೆತನದ ನೆರಳಿನಲ್ಲಿ ಎರಡು ಭಾಷೆಗಳು ಬಾಳಿದುವು. ಅರಸನು ಯಾರವನೆಂಬ ಜಗಳವು ಅವನಿಗೆ ಅರ್ಥವಾಗುತ್ತಿರಲಿಲ್ಲ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ. ಸಂಭಾಜಿನಗರದ ದಕ್ಷಿಣಕ್ಕೆ ಸಾತಾರಾ ಎಂಬ ಹಳ್ಳಿಯುಂಟು (ಜಿಲ್ಲೆಯ ಸಾತಾರೆಯಲ್ಲ). ಅಲ್ಲಿ ಖಂಡೋಬನ ಗುಡಿಯಿದೆ. ಮಾರ್ಗಶಿರದ ಚಂಪಾಷಷ್ಠಿಯ ದಿನ ಒಮ್ಮೆ ಅಲ್ಲಿಗೆ ಹೋಗಿದ್ದೆನು. ಭಂಡಾರದ ಹಳದಿಯಿಂದ ನೆಲ, ಗೋಡೆ, ಜನರ ಹೆಗಲು ಎಲ್ಲವೂ ಹೊನ್ನಾಗಿದ್ದುವು. ಸಾವಿರಾರು ಕಂಠಗಳಿಂದ ‘ಯೇಳಕೋಟ, ಯೇಳಕೋಟ’ ಎಂಬ ಘೋಷವು ಏಳುತ್ತಿದ್ದಿತು. ನಮ್ಮ ಶಾಲೆಯಲ್ಲಿ ಓದಿದ ಧನಗರರ ಹುಡುಗನೊಬ್ಬನು ತಾಯಿಯೊಡನೆ ಬಂದಿದ್ದವನು ನನ್ನನ್ನು ಗುರುತಿಸಿ ನಮಸ್ಕರಿಸಿದನು. ಮಾತಿಗೆ ಮಾತು ಬಂದು, ಮಾಸ್ತರರೇ, ಯೇಳಕೋಟವೆಂದರೆ ಏನು ಎಂದು ಕೇಳಿದನು. ಏಳು ಕೋಟಿ ಎಂದೆನು. ಮಲ್ಹಾರಿಯ ಏಳು ಕೋಟಿ ಗಣಗಳ ಕಥೆಯು ಅವನ ತಾಯಿಗೆ ಗೊತ್ತಿದ್ದಿತು. ಏಳು ಎಂಬುದು ಕನ್ನಡದ ಎಣಿಕೆಯೆಂಬುದು ಗೊತ್ತಿರಲಿಲ್ಲ. ಹೂವಿನಹಡಗಲಿಯ ಮೈಲಾರದಲ್ಲಿಯೂ ದೇವರಗುಡ್ಡದಲ್ಲಿಯೂ ಇದೇ ಕೂಗು ಏಳುತ್ತದೆ ಎಂದು ಹೇಳಿದಾಗ ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಮ್ಮ ದೇವರು ನಿಮ್ಮ ಕಡೆಗೂ ಬಂದಿದ್ದಾನೆಯೆ ಎಂದು ಕೇಳಿದಳು. ನಿಮ್ಮ ದೇವರೇ ನಮ್ಮ ಕಡೆಯವನು ಎಂದು ತಿದ್ದಬೇಕೆಂಬ ಮಾತು ನಾಲಗೆಯ ತುದಿಗೆ ಬಂದಿದ್ದಿತು. ಹೌದು, ಬಂದಿದ್ದಾನೆ ಎಂದೆನು.

ಆ ಗುಡಿಯ ಅಂಗಳದಲ್ಲಿ ನನಗೆ ಜೋಶಿಯವರ ದೊಡ್ಡತನ ಎಲ್ಲಿದೆಯೆಂಬುದು ಹೊಳೆಯಿತು. ಖಂಡೋಬ, ಬಿರೋಬರ ಪಶುಪಾಲಕ ಭಕ್ತರ ಜಾಡನ್ನು ಹಿಡಿದು ಜರ್ಮನಿಯ ಗುಂಥರ್ ಸೋಂಥೈಮರರು 1976ರಲ್ಲಿ ಮಹತ್ತ್ವದ ಗ್ರಂಥವನ್ನು ಬರೆದರು, ರಾ. ಚಿಂ. ಢೇರೆಯವರು 1984ರಲ್ಲಿ ವಿಠ್ಠಲನ ಮೇಲಿನ ತಮ್ಮ ಗ್ರಂಥದಲ್ಲಿ ಆ ದೇವರ ಕನ್ನಡ ಬೇರುಗಳನ್ನು ನಿರ್ಭಯವಾಗಿ ಒಪ್ಪಿಕೊಂಡರು. ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗವೊಂದರಲ್ಲಿಯೇ ವಿಠ್ಠಲನನ್ನು ಕಾನಡಾ ಎಂದು ಕರೆದಿರುವುದು ಅವರಿಗೆ ದಾರಿ ತೋರಿತು. ಇವರಿಬ್ಬರಿಗಿಂತ ಎಷ್ಟೋ ವರ್ಷ ಮೊದಲೇ, ಯಾವ ವಿಶ್ವವಿದ್ಯಾಲಯದ ಬೆಂಬಲವೂ ಇಲ್ಲದೆ, ಧಾರವಾಡದ ಶಾಲಾಮಾಸ್ತರರು ಕುರುಬರ ಹಟ್ಟಿಯಲ್ಲಿ ಎರಡು ನಾಡುಗಳ ಕೀಲಿಕೈ ಇದೆಯೆಂದು ಕಂಡಿದ್ದರು. ಮಹಾರಾಷ್ಟ್ರದ ಜನವಸತಿಯನ್ನು ಉತ್ತರದಿಂದ ಇಳಿದುಬಂದ ಆರ್ಯರ ವಸಾಹತುವೆಂದು ರಾಜವಾಡೆಯವರು ವರ್ಣಿಸಿದ್ದರು. ಬಂದವರು ಬರಲಿ, ಮೊದಲೇ ಇದ್ದವರು ಯಾರು ಎಂಬುದು ಜೋಶಿಯವರ ಪ್ರಶ್ನೆ.

ಅವರ ಉತ್ತರದಲ್ಲಿ ದೋಷಗಳಿವೆ, ಅದನ್ನು ಮುಚ್ಚಿಡಬಾರದು. ದ್ರಾವಿಡವಾದುದೆಲ್ಲ ಅವರಿಗೆ ಕನ್ನಡವಾಗಿ ಕಾಣುತ್ತದೆ. ದನಿಯ ಹೋಲಿಕೆಯು ಎಷ್ಟೋ ಕಡೆ ಅವರನ್ನು ಎಳೆದುಕೊಂಡು ಹೋಗುತ್ತದೆ. ಅವರ ನಿರುಕ್ತಿಗಳಲ್ಲಿ ಬಹಳಷ್ಟು ನಿಲ್ಲಲಾರವು ಎಂಬುದು ನನ್ನ ಅಭಿಪ್ರಾಯ. ಪ್ರಶ್ನೆಯಾದರೋ ನಿಂತಿದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಫ್ರಾಂಕ್ಲಿನ್ ಸೌಥ್‌ವರ್ತರು 2005ರ ಗ್ರಂಥದಲ್ಲಿ ಮಹಾರಾಷ್ಟ್ರದ ಊರ ಹೆಸರುಗಳನ್ನು ನಕಾಶೆಯ ಮೇಲೆ ಗುರುತಿಸಿ, ‘ವಲೀ’, ‘ಓಲೀ’ ಎಂದು ಮುಗಿಯುವವು ದ್ರಾವಿಡದ ಪಳ್ಳಿ, ಎಂದರೆ ನಮ್ಮ ಹಳ್ಳಿಯೆಂದು ತೋರಿಸಿದರು. ಬೋರಿವಲೀ, ಕಾಂದಿವಲೀ, ಡೋಂಬಿವಲೀಗಳಲ್ಲಿ ಮನೆ ಮಾಡಿ ದಿನವೂ ಲೋಕಲ್ ಗಾಡಿಯಲ್ಲಿ ಓಡಾಡುವ ವಾಚಕರು ಇದನ್ನು ಗಮನಿಸಬಹುದು. ಈ ಹೆಸರುಗಳು ಕೊಂಕಣದಲ್ಲಿ ದಟ್ಟವಾಗಿದ್ದು ಉತ್ತರದ ಒಳನಾಡಿಗೆ ಬಂದಂತೆ ವಿರಳವಾಗುತ್ತವೆ. ಇರಾವತಿ ಕರ್ವೆಯವರು 1953ರಲ್ಲಿಯೇ, ಸೋದರಮಾವನ ಮಗಳನ್ನು ತರುವ ಪದ್ಧತಿಯೇ ಮೊದಲಾದವುಗಳನ್ನು ಪರೀಕ್ಷಿಸಿ, ಬಂಧುತ್ವದ ವಿಷಯದಲ್ಲಿ ಮಹಾರಾಷ್ಟ್ರವು ಉತ್ತರ-ದಕ್ಷಿಣಗಳ ನಡುವಣ ಪ್ರದೇಶವೆಂದಿದ್ದರು. ಇವರ ಅಳತೆಗೋಲುಗಳು ಜೋಶಿಯವರ ಕೈಯಲ್ಲಿ ಇರಲಿಲ್ಲ.

ಇವೆಲ್ಲ ವಿದ್ವಾಂಸರ ಕೋಣೆಯ ಮಾತುಗಳಾಗಿ ಉಳಿದಿದ್ದರೆ ಚೆನ್ನಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಿಂದ, ಅದಕ್ಕೂ ಹೆಚ್ಚಾಗಿ ಮಹಾಜನ ಆಯೋಗದ 1967ರ ವರದಿಯಿಂದ, ಶಾಸನಗಳೂ ಊರ ಹೆಸರುಗಳೂ ವಕೀಲರ ಕಡತಗಳಿಗೆ ಸೇರಿದುವು. 2004ರಲ್ಲಿ ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಗಡಿಯಲ್ಲಿ ಬದುಕುವವರಿಗೆ ಅದು ಶಾಲೆಯ, ಸಾತಬಾರಾ ಉತಾರದ, ನೌಕರಿಯ ಪ್ರಶ್ನೆ. ಅವರ ಕಷ್ಟವನ್ನು ನಾಸಿಕದಲ್ಲಿ ಕುಳಿತವನು ಹಗುರಾಗಿ ಕಾಣಬಾರದು. ಆದರೆ ಆ ಕಷ್ಟಕ್ಕೆ ಇಂದು ಬಾಳುತ್ತಿರುವ ಜನರ ಮಾತೇ ಸಾಕಾದ ಆಧಾರ. ಅದಕ್ಕೆ ರಾಷ್ಟ್ರಕೂಟರನ್ನು ಎಬ್ಬಿಸಿ ತರುವ ಕಾರಣವಿಲ್ಲ. ನಾಸಿಕವನ್ನೋ ಸಂಭಾಜಿನಗರವನ್ನೋ ಯಾವ ಕನ್ನಡಿಗನೂ ಕೇಳುತ್ತಿಲ್ಲವಾದುದರಿಂದ ಇಲ್ಲಿ ಕುಳಿತು ಈ ವಿಷಯವನ್ನು ಸಮಾಧಾನದಿಂದ ಯೋಚಿಸುವುದು ನಮಗೆ ಸಾಧ್ಯ. ಮರಾಠವಾಡೆಯ ಹಿರಿಯರಂತೂ ಕಲಬುರ್ಗಿ, ಬೀದರದವರೊಡನೆ 1956ರ ವರೆಗೆ ಒಂದೇ ಹೈದರಾಬಾದ ಸಂಸ್ಥಾನದಲ್ಲಿ ಬಾಳಿದವರು.

ಒಂದು ಸಂಗತಿಯನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳಿದುದನ್ನು ನಾನು ಕೇಳಿಲ್ಲ. ಜೋಶಿಯವರು ಮರಾಠಿಗರ ಮೂಲದ ಕುರಿತು ಕನ್ನಡಿಗರೆದುರು ಮಾತ್ರ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಳ್ಳಲಿಲ್ಲ. ‘ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ’ ಎಂಬ ಗ್ರಂಥವನ್ನು 1952ರಲ್ಲಿ ಮರಾಠಿಯಲ್ಲಿಯೇ ಬರೆದು, ಯಾರ ಕುರಿತು ಹೇಳುತ್ತಿದ್ದರೋ ಅವರ ಮುಂದೆಯೇ ಇಟ್ಟರು. ಒಪ್ಪದವನಿಗೆ ಅವನ ಭಾಷೆಯಲ್ಲಿಯೇ ಉತ್ತರ ಕೊಡುವ ಅವಕಾಶವನ್ನು ಮಾಡಿಕೊಟ್ಟರು. ಹೆಸರಿನಲ್ಲಿರುವ ‘ಸಮಸ್ಯಾ’ ಎಂಬ ಮಾತನ್ನು ಗಮನಿಸಬೇಕು, ಸಿದ್ಧಾಂತವೆನ್ನಲಿಲ್ಲ. ಇಂತಹ ಧೈರ್ಯವು ನಮ್ಮಲ್ಲಿ ಎಷ್ಟು ಜನರಿಗಿದೆ? ನಾನು ಬೇಳಗೊಳದ ಪ್ರಶ್ನೆಗೆ ತತ್ತರಿಸಿದುದು, ಮರಾಠಿಯ ಕಿವಿಗಳೂ ಸಭೆಯಲ್ಲಿರಬಹುದೆಂದು ಎಣಿಸದೆ ಮಾತಾಡಿದುದರಿಂದ.

ಆ ಸಹೋದ್ಯೋಗಿಗೆ ಜೋಶಿಯವರ ಮರಾಠಿ ಗ್ರಂಥವನ್ನು ತರಿಸಿ ಓದಲು ಕೊಟ್ಟೆನು. ಮೂರು ತಿಂಗಳಾದ ಮೇಲೆ, ಅವರು ನಿವೃತ್ತರಾಗುವ ವಾರದಲ್ಲಿ, ಅದನ್ನು ಹಿಂದಿರುಗಿಸಿದರು. ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಅಕ್ಷರಗಳಲ್ಲಿ ಟಿಪ್ಪಣಿಗಳಿದ್ದುವು. ಪರರ ಪುಸ್ತಕದ ಮೇಲೆ ಬರೆದುದಕ್ಕಾಗಿ ಕ್ಷಮೆಯನ್ನೂ ಕೇಳಿದರು. ಹಲವು ಕಡೆ ಪ್ರಶ್ನಚಿಹ್ನೆ, ಕೆಲವು ಕಡೆ ಬೇರೆ ನಿರುಕ್ತಿ, ಒಂದೆರಡು ಕಡೆ ‘ಬರೋಬರ’ ಎಂಬ ಒಂದೇ ಮಾತು. ಅವರ ಆಕ್ಷೇಪಗಳನ್ನು ಒಂದು ನೋಟುಬುಕ್ಕಿಗೆ ಇಳಿಸಿಕೊಂಡು, ಸಾರ್ವಜನಿಕ ವಾಚನಾಲಯಕ್ಕೆ ಹೋಗಿ, ಒಂದೊಂದಕ್ಕೂ ಸಮಾಧಾನವನ್ನು ಹುಡುಕುತ್ತ ಬಂದಿದ್ದೇನೆ. ಕೆಲವಕ್ಕೆ ಸಿಕ್ಕಿದೆ. ‘ಕನ್ನಡ’ ಪಟ್ಟಣದ ಹೆಸರಿನ ಎದುರಿಗೆ ಅವರು ಹಾಕಿದ ಪ್ರಶ್ನಚಿಹ್ನೆಯು ಹಾಗೆಯೇ ಇದೆ.